ಹಣ್ಣಿನ ಬುಟ್ಟಿ, ಹಾಜರಿ ಪುಸ್ತಕ

ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲವಾದರೂ ಸುತ್ತಿ ಬರುವ ಕಥೆಯೊಂದಿದೆ. ಆಫ್ರಿಕಾದ ಯಾವುದೋ ಹಳ್ಳಿ. ಮರದ ಬುಡದಲ್ಲಿ ಹಣ್ಣಿನ ಬುಟ್ಟಿ. ಮೊದಲು ಓಡಿ ಮುಟ್ಟಿದವರಿಗೆ ಬುಟ್ಟಿಯೆಲ್ಲ ಎಂದು ಹೊರಗಿನಿಂದ ಬಂದವನೊಬ್ಬ ಮಕ್ಕಳಿಗೆ ಹೇಳುತ್ತಾನೆ. ಮಕ್ಕಳು ಕೈ ಕೈ ಹಿಡಿದು ಒಟ್ಟಿಗೇ ಓಡಿ, ಸುತ್ತ ಕೂತು, ಹಂಚಿ ತಿನ್ನುತ್ತಾರೆ. ಯಾಕೆ ಹೀಗೆ ಎಂದರೆ ‘ಉಬುಂಟು’ ಅನ್ನುತ್ತಾರೆ. ಕೆಳಗೊಂದು ಕೈಮುಗಿದ ಚಿತ್ರ. ಊರಿನ ಹೆಸರಿಲ್ಲ, ಜನಾಂಗದ ಹೆಸರಿಲ್ಲ, ಇಸವಿಯಿಲ್ಲ.

ಕಥೆ ನಿಜವೋ ಕಟ್ಟಿದ್ದೋ, ಆ ಜಗಳ ಬೇಡ. ಅದರಲ್ಲಿ ಏನಿಲ್ಲ ಎಂಬುದನ್ನು ನೋಡಬೇಕು. ಬುಟ್ಟಿ ತುಂಬಿಯೇ ಬಂದಿದೆ. ತುಂಬಿದವರು ಯಾರು ಗೊತ್ತಿಲ್ಲ. ಒಂದು ದಿನ ಹಂಚಿ ತಿನ್ನುವುದಕ್ಕೆ ಒಳ್ಳೆಯ ಮನಸ್ಸು ಸಾಕು. ಮೂವತ್ತು ವರ್ಷ ಹಂಚಿ ತಿನ್ನಬೇಕಾದರೆ ಬುಟ್ಟಿ ಹೊರುವ ಸರದಿ ಯಾರದು, ಹೊರದೆ ತಿನ್ನಲು ಬಂದವನನ್ನು ಏನು ಮಾಡಬೇಕು, ಹಣ್ಣು ಕಡಿಮೆಯಾದ ವರ್ಷ ಯಾರ ಪಾಲು ಮೊದಲು ಎಂಬುದೆಲ್ಲ ತೀರ್ಮಾನವಾಗಿರಬೇಕು.

ಉಬುಂಟು ಹಗುರ ಮಾತೇನಲ್ಲ. ದಕ್ಷಿಣ ಆಫ್ರಿಕಾದ ಜುಲು, ಖೋಸಾ ಮೊದಲಾದ ಭಾಷೆಗಳಲ್ಲಿ ‘ಉಮುಂಟು ನ್ಗುಮುಂಟು ನ್ಗಬಂಟು’ ಎಂಬ ನುಡಿಗಟ್ಟಿದೆ: ಮನುಷ್ಯ ಮನುಷ್ಯನಾಗುವುದು ಮನುಷ್ಯರಿಂದ. ಆ ದೇಶದ 1993ರ ಮಧ್ಯಂತರ ಸಂವಿಧಾನದ ಕೊನೆಯ ಮಾತುಗಳಲ್ಲಿ ಈ ಪದವಿತ್ತು. 1995ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮರಣದಂಡನೆಯನ್ನು ರದ್ದು ಮಾಡಿದಾಗ ನ್ಯಾಯಮೂರ್ತಿಗಳು ಇದನ್ನು ಎತ್ತಿಕೊಂಡು ವಾದಿಸಿದರು. 2004ರಲ್ಲಿ ಬಂದ ಅದೇ ಹೆಸರಿನ ಆಪರೇಟಿಂಗ್ ಸಿಸ್ಟಮಿನಿಂದ ಕಂಪ್ಯೂಟರಿನವರಿಗೂ ಈ ಹೆಸರು ಪರಿಚಯ. ತೊಂದರೆ ಏನೆಂದರೆ, ಐವತ್ತಕ್ಕೂ ಹೆಚ್ಚು ದೇಶಗಳ ಖಂಡವೊಂದಕ್ಕೆ ಈ ಒಂದು ಪದವನ್ನು ಅಂಟಿಸಿ, ಅಲ್ಲಿಯವರು ಹುಟ್ಟಾ ಕೂಡಿ ಬಾಳುವವರು ಎಂದುಬಿಟ್ಟರೆ ಅವರು ತಲೆ ಓಡಿಸಿ ಕಟ್ಟಿದ್ದೆಲ್ಲ ಸ್ವಭಾವದ ಲೆಕ್ಕಕ್ಕೆ ಹೋಗುತ್ತದೆ. ಹೊಣೆ ಹಂಚಿಕೊಂಡು ಬದುಕುವ ಪದ್ಧತಿ ಗಟ್ಟಿಯಾಗಿ ಉಳಿದ ಜಾಗಗಳನ್ನು ನೋಡಿದರೆ ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಸರದಿ ಪಟ್ಟಿ, ಹಾಜರಿ, ದಂಡ, ಜಾಮೀನು.

ಬಾವಿಯಿಂದ ಶುರು ಮಾಡೋಣ.

ಇಥಿಯೋಪಿಯಾದ ದಕ್ಷಿಣ ಅಂಚಿನಲ್ಲಿ, ಕೀನ್ಯಾದ ಗಡಿಗೆ ತಾಗಿ ಬೋರಾನಾ ಜನರ ಒಣ ಬಯಲುಸೀಮೆ. ಒರೊಮೊ ಭಾಷೆಯಾಡುವ ದನಗಾಹಿಗಳು ಇವರು. ಮಳೆನೀರಿನ ಹೊಂಡಗಳು ಬತ್ತಿದ ಮೇಲೆ ದನ ಬದುಕುವುದು ಬಾವಿಯಿಂದ. ಆಳದ ಬಾವಿಗಳಿಗೆ ‘ತುಲಾ’ ಎಂದು ಹೆಸರು. ‘ಒಂಬತ್ತು ತುಲಾ’ ಎಂದು ಹೇಳಿಕೆಯಲ್ಲಿರುವ ಬಾವಿಗುಂಪುಗಳಲ್ಲಿ ದುಬ್ಲುಕ್ ಒಂದು. ಕೆಲವು ಬಾವಿಗಳು 30 ಮೀಟರಿನವರೆಗೂ ಇಳಿಯುತ್ತವೆ.

ಬಾವಿಯ ರಚನೆ ನಮ್ಮ ಸೇದೋ ಬಾವಿಯಂತಲ್ಲ. ನೆಲದ ಮಟ್ಟದಿಂದ ಉದ್ದನೆಯ ಇಳಿಜಾರು ಓಣಿಯೊಂದನ್ನು ಅಗೆದಿರುತ್ತಾರೆ. ದನಗಳು ಆ ಓಣಿಯಲ್ಲಿ ಸಾಲಾಗಿ ಇಳಿದು, ನೆಲಕ್ಕಿಂತ ಎಷ್ಟೋ ಕೆಳಗಿರುವ ಜೇಡಿಮಣ್ಣಿನ ಬಾನಿಗಳ ಹತ್ತಿರ ಬರುತ್ತವೆ. ನೀರೆತ್ತುವ ಎತ್ತರವನ್ನು ಅಷ್ಟರ ಮಟ್ಟಿಗೆ ತಗ್ಗಿಸುವ ಉಪಾಯ ಇದು. ಬಾನಿಯ ಆಚೆಗೆ ನೆಟ್ಟಗೆ ಇಳಿದ ಬಾವಿ. ಅದರೊಳಗೆ ಒಬ್ಬರ ತಲೆಯ ಮೇಲೊಬ್ಬರೆಂಬಂತೆ ಮೆಟ್ಟಿಲು, ಅಟ್ಟಣೆಗಳ ಮೇಲೆ ಜನ ನಿಲ್ಲುತ್ತಾರೆ. ಆಳದ ಬಾವಿಗೆ ಹತ್ತು ಹದಿನೈದು ಮಂದಿ ಬೇಕು. ತುಂಬಿದ ಬಕೆಟ್ಟು ಕೈಯಿಂದ ಕೈಗೆ ಮೇಲೆ, ಖಾಲಿಯದು ಕೈಯಿಂದ ಕೈಗೆ ಕೆಳಗೆ. ಹಿಂದೆ ಚರ್ಮದ ಬಕೆಟ್ಟು, ಅದಕ್ಕೆ ‘ಒಕೊಲೆ’ ಎಂದು ಹೆಸರು. ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ನೀರೆತ್ತುವಾಗ ಹಾಡುತ್ತಾರೆ. ಅದಕ್ಕೇ ಹೊರಗಿನವರು ಇವನ್ನು ಹಾಡುವ ಬಾವಿಗಳು ಎನ್ನುವುದು. ಹಾಡಿಗೆ ಇಲ್ಲಿ ಕೆಲಸವಿದೆ: ಲಯ ತಪ್ಪಿದರೆ ತುಂಬಿದ ಬಕೆಟ್ಟು ಬರುವ ಹೊತ್ತಿಗೆ ಕೈ ಖಾಲಿ ಇರುವುದಿಲ್ಲ, ನೀರು ಕೆಳಗಿನವನ ತಲೆಗೆ.

ಲೆಕ್ಕ ಹಾಕಿ ನೋಡಿ. ಬಿರುಬೇಸಿಗೆಯಲ್ಲಿ ಹಸುಗಳಿಗೆ ಮೂರನೆಯ ದಿನಕ್ಕೊಮ್ಮೆ ನೀರು. ಅಷ್ಟು ಬಾಯಾರಿದ ಹಸು ಒಂದು ಸಲಕ್ಕೆ 30 ಲೀಟರು ಕುಡಿಯುತ್ತದೆ ಎಂದೇ ಹಿಡಿಯಿರಿ. 300 ಹಸುವಿಗೆ 9,000 ಲೀಟರು. ಪ್ರತಿ ಲೀಟರೂ ಅಷ್ಟೂ ಮಂದಿಯ ಕೈ ದಾಟಿ ಬರಬೇಕು. ಒಂದು ಕುಟುಂಬದ ಗಂಡಾಳುಗಳೆಲ್ಲ ನಿಂತರೂ ಇದು ಮುಗಿಯುವ ಕೆಲಸವಲ್ಲ. ಇನ್ನೊಂದು ಕಡೆ, ಬಾವಿಯ ಊಟೆಗೆ ಒಂದು ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ. ಸೇದಿ ಬರಿದಾದ ಮೇಲೆ ಮತ್ತೆ ಊರಲು ಕಾಯಬೇಕು. ಹಾಗಾಗಿ ಯಾರು, ಯಾವ ದಿನ, ಯಾರಾದ ಮೇಲೆ ಎಂಬ ಪಟ್ಟಿಯಿಲ್ಲದೆ ಬಾವಿ ಒಂದು ವಾರವೂ ನಡೆಯದು.

ಪ್ರತಿ ಬಾವಿಗೂ ಒಬ್ಬ ‘ಅಬ್ಬಾ ಕೊನ್ಫಿ’ ಇರುತ್ತಾನೆ. ಅಬ್ಬಾ ಎಂದರೆ ಒರೊಮೊದಲ್ಲಿ ಅಪ್ಪ (ನಮ್ಮ ಉದ್ಗಾರವಲ್ಲ). ಬಾವಿಯನ್ನು ಮೊದಲು ತೋಡಿಸಿದವನ ಅಥವಾ ಹೂತುಹೋದದ್ದನ್ನು ಮತ್ತೆ ತೋಡಿಸಿದವನ ವಂಶದವನು ಅವನು. ಬಾವಿ ಅವನ ಹೆಸರಿನದು, ಆದರೆ ನೀರನ್ನು ಮಾರುವಂತಿಲ್ಲ, ತನ್ನ ಕುಲದವರಿಗೆ ಇಲ್ಲ ಎನ್ನುವಂತಿಲ್ಲ. ದಿನದಿನದ ಸರದಿ ನೋಡಿಕೊಳ್ಳುವವನು ಬೇರೆ: ‘ಅಬ್ಬಾ ಹೆರೆಗಾ’. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಈ ಹುದ್ದೆ ತಟ್ಟನೆ ಅರ್ಥವಾಗುತ್ತದೆ. ಒಡೆತನ ಮತ್ತು ಸರದಿ ಒಬ್ಬನ ಕೈಯಲ್ಲೇ ಇರಕೂಡದು ಎಂಬುದು ಇಲ್ಲಿನ ಜಾಣತನ. ಬಾವಿಯ ಬಳಕೆದಾರರು ಕೂಡುವ ಸಭೆಗೆ ‘ಕೋರಾ ಎಲಾ’ ಎನ್ನುತ್ತಾರೆ. ಎಲಾ ಎಂದರೆ ಬಾವಿ. ಸರದಿ ಮುರಿದವನ, ಕೆಲಸಕ್ಕೆ ಆಳು ಕಳಿಸದವನ ವಿಚಾರ ಬರುವುದು ಅಲ್ಲಿಗೆ. ಬಾಯಾರಿ ಬಂದ ದಾರಿಹೋಕನಿಗೆ ಕುಡಿಯುವ ನೀರು ಇಲ್ಲವೆನ್ನುವುದಿಲ್ಲ. ಅವನ ಜೊತೆ ನೂರು ದನ ಬಂದಿದ್ದರೆ ಮಾತು ಬೇರೆ. ಅವನು ಸರದಿ ಕೇಳಬೇಕು, ಕೈಜೋಡಿಸಬೇಕು, ಕಾಯಬೇಕು.

ಬಾವಿ ಕುಸಿದಾಗ ಅಥವಾ ಹೂಳು ತುಂಬಿದಾಗ ಹೊಣೆಯ ಲೆಕ್ಕ ಇನ್ನೂ ಬಿಗಿ. ತೋಡುವವರಿಗೆ ವಾರಗಟ್ಟಲೆ ಊಟ ಹಾಕಬೇಕು, ಅದಕ್ಕೆ ದನ ಕಡಿಯಬೇಕು. ಯಾರ ಮಂದೆಯಿಂದ ಎಷ್ಟು ಎಂಬುದನ್ನು ಕುಲದವರು ಕೂತು ಹಂಚುತ್ತಾರೆ. ಇದು ಸುಮ್ಮನೆ ಸಲ್ಲಿಸುವ ಸೇವೆಯಲ್ಲ. ಕೊಟ್ಟ ದನ, ದುಡಿದ ದಿನ ಮುಂದಿನ ಸರದಿಯ ಹಕ್ಕಾಗಿ ನಿಲ್ಲುತ್ತದೆ.

ಇಂಥದ್ದು ಎಲ್ಲಿ ಮುರಿಯುತ್ತದೆ? ಅಚ್ಚರಿಯೆಂದರೆ, ಸೌಲಭ್ಯ ಬಂದಾಗ. ಡೀಸೆಲ್ ಪಂಪು ಇಳಿಸಿದ ಬಾವಿಯಲ್ಲಿ ಹದಿನೈದು ಮಂದಿಯ ಅಗತ್ಯ ಇಲ್ಲ. ಕೈಗಳು ಬೇಡವಾದ ಮೇಲೆ, ಕೈ ಕೊಟ್ಟಿದ್ದರಿಂದ ಹುಟ್ಟಿದ ಹಕ್ಕೂ ತೆಳ್ಳಗಾಗುತ್ತದೆ. ಡೀಸೆಲ್ಲಿಗೆ ದುಡ್ಡು ಹಾಕುವವನ ಮಾತು ಮುಂದೆ ಬರುತ್ತದೆ. ಇನ್ನೂ ದೊಡ್ಡ ಏಟು ಬಿದ್ದದ್ದು ಯಂತ್ರದಿಂದ ತೋಡಿದ ಹೊಂಡಗಳಿಂದ. ಮಳೆಗಾಲದಲ್ಲಿ ಮಾತ್ರ ಮೇಯಿಸುತ್ತಿದ್ದ ದೂರದ ಹುಲ್ಲುಗಾವಲುಗಳಲ್ಲಿ ಅಭಿವೃದ್ಧಿ ಯೋಜನೆಗಳು ಹೊಂಡ ತೋಡಿಕೊಟ್ಟವು. ಉದ್ದೇಶ ಒಳ್ಳೆಯದೇ. ಆದರೆ ನೀರಿಲ್ಲದಿದ್ದುದೇ ಆ ಹುಲ್ಲಿಗೆ ಬೇಲಿಯಾಗಿತ್ತು. ನೀರು ನಿಂತ ಮೇಲೆ ಜನ ಅಲ್ಲೇ ಉಳಿದರು, ಹುಲ್ಲಿಗೆ ಬಿಡುವು ಸಿಗಲಿಲ್ಲ. ಅಪ್ಪನಿಲ್ಲದ ನೀರಿಗೆ ಸರದಿಯೂ ಇರಲಿಲ್ಲ.

ದನ ಕಳೆದುಕೊಂಡ ಮನೆಗಾಗಿ ಬೋರಾನಾದಲ್ಲಿ ‘ಬೂಸಾ ಗೊನೊಫಾ’ ಎಂಬ ಏರ್ಪಾಟಿದೆ: ಕುಲದವರು ಕೂತು, ಕಳೆದುಕೊಂಡವನಿಗೆ ಮಂದೆ ಮರುಕಟ್ಟಲು ದನ ಎತ್ತಿಕೊಡುತ್ತಾರೆ. ಹಾಲಿಗೆಂದು ಕರೆಯುವ ಹಸುವನ್ನು ಕೆಲಕಾಲ ಎರವಲು ಕೊಡುವುದು ಬೇರೆ, ಅದು ‘ದಬಾರೆ’. ಬೂಸಾ ಗೊನೊಫಾದಲ್ಲಿ ಕೇಳಿದ ತಕ್ಷಣ ಕೊಡುವುದಿಲ್ಲ, ವಿಚಾರಣೆ ನಡೆಯುತ್ತದೆ. ಬರ, ರೋಗ, ದಾಳಿಯಿಂದ ಹೋದದ್ದೋ, ನೋಡಿಕೊಳ್ಳದೆ ಹಾಳುಮಾಡಿಕೊಂಡದ್ದೋ? ಎರಡಕ್ಕೂ ಒಂದೇ ತಕ್ಕಡಿಯಿಲ್ಲ. ಕಠಿಣ ಅನ್ನಿಸಬಹುದು. ಆದರೆ ಈ ಪ್ರಶ್ನೆ ಕೇಳದ ಕುಲ ಎರಡು ಬೇಸಿಗೆ ದಾಟುವುದಿಲ್ಲ.

ಇದಕ್ಕೂ ಒಂದು ಎಲ್ಲೆಯಿದೆ. ಒಬ್ಬನ ಮನೆಗೆ ಬಂದ ಕಷ್ಟವನ್ನು ನೂರು ಮನೆ ಹೊರಬಲ್ಲವು. ನೂರೂ ಮನೆಗೆ ಒಟ್ಟಿಗೇ ಬಂದರೆ ಹೊರುವ ಹೆಗಲೇ ಇಲ್ಲ. 2020ರ ಕೊನೆಯಿಂದ ಒಂದಾದ ಮೇಲೊಂದರಂತೆ ಐದು ಮಳೆಗಾಲಗಳು ಕೈಕೊಟ್ಟಾಗ ಬೋರಾನಾದ ಮಂದೆಗಳು ಸಾಮೂಹಿಕವಾಗಿ ಸತ್ತವು. ಕೊಡುವವನ ಕೊಟ್ಟಿಗೆಯೂ ಖಾಲಿ. ಆಗ ಸರಕಾರ ಮತ್ತು ಹೊರಗಿನ ನೆರವು ಬರಲೇಬೇಕು. ‘ಅವರಲ್ಲಿ ಸಮುದಾಯ ಗಟ್ಟಿ, ಹೇಗೋ ನಿಭಾಯಿಸುತ್ತಾರೆ’ ಎಂದು ದೂರದಿಂದ ಹೇಳುವವರಿಗೆ ಈ ಎಲ್ಲೆ ಕಾಣುವುದಿಲ್ಲ.

ಇನ್ನು ಕೀನ್ಯಾದ ಮಚಾಕೋಸ್ ಗುಡ್ಡಗಳಿಗೆ ಬರೋಣ. ಇಲ್ಲಿನ ಕಾಂಬಾ ಜನರಲ್ಲಿ ‘ಮ್ವೆಥ್ಯ’ ಎಂಬ ಪದ್ಧತಿ ಹಳೆಯದು. ಕನ್ನಡದಲ್ಲಿ ಅದಕ್ಕೆ ಸಿದ್ಧ ಪದವೇ ಇದೆ: ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾವೆಲ್ಲ, ನಾಳೆ ನನ್ನ ಹೊಲಕ್ಕೆ ನೀವೆಲ್ಲ. ನಾನು ಈ ಊರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಅದೇ ಜನ, ಅದೇ ಗುಡ್ಡ, ಅದೇ ಸಾಮೂಹಿಕ ಕೆಲಸ ಎರಡು ರೀತಿಯಲ್ಲಿ ನಡೆಯಿತು. ಒಂದು ಸಲ ದ್ವೇಷ ಹುಟ್ಟಿಸಿತು, ಇನ್ನೊಂದು ಸಲ ಗುಡ್ಡ ಉಳಿಸಿತು.

1930ರ ದಶಕದಲ್ಲಿ ಮಚಾಕೋಸಿನ ಮಣ್ಣು ಕೊಚ್ಚಿಹೋಗುತ್ತಿತ್ತು. ಬ್ರಿಟಿಷ್ ಆಡಳಿತ ದನಗಳದೇ ತಪ್ಪೆಂದು ತೀರ್ಮಾನಿಸಿ, 1938ರಲ್ಲಿ ಬಲವಂತವಾಗಿ ದನ ಹಿಡಿದು ಮಾರಿಸಲು ಹೊರಟಿತು. ಮುಯಿಂದಿ ಎಂಬಿಂಗು ಎಂಬಾತನ ಮುಂದಾಳುತನದಲ್ಲಿ ಸಾವಿರಾರು ಕಾಂಬಾ ಜನ ನೈರೋಬಿಗೆ ನಡೆದುಹೋಗಿ ಬೀಡುಬಿಟ್ಟರು. ಎಂಬಿಂಗುವನ್ನು ಲಾಮು ದ್ವೀಪಕ್ಕೆ ಗಡಿಪಾರು ಮಾಡಿದರೂ ಬಲವಂತದ ಮಾರಾಟವನ್ನು ಸರಕಾರ ಕೈಬಿಡಬೇಕಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬದು ಹಾಕುವ ಕೆಲಸಕ್ಕೆ ಕಡ್ಡಾಯದ ಸಾಮೂಹಿಕ ದುಡಿಮೆ ಬಂತು. ಗುಂಪು ಕಟ್ಟಿದವರು, ದಿನ ಗೊತ್ತುಮಾಡಿದವರು, ಯಾವ ಬಗೆಯ ಬದು ಎಂದು ಹೇಳಿದವರು ಎಲ್ಲರೂ ಮೇಲಿನವರು. ಜನ ಬಂದರು, ಅಗೆದರು, ಬೈದುಕೊಂಡರು. ಆ ಬದುಗಳನ್ನು ರಿಪೇರಿ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ. 1950ರ ದಶಕದಲ್ಲಿ ಪಟ್ಟು ಸಡಿಲವಾಯಿತು: ಮ್ವೆಥ್ಯ ಗುಂಪುಗಳು ತಾವೇ ಕೂಡಿಕೊಳ್ಳಬಹುದು, ಮುಂದಾಳನ್ನು ತಾವೇ ಆರಿಸಬಹುದು, ಯಾವ ಬಗೆಯ ಬದು ಎಂದು ತಾವೇ ನಿರ್ಧರಿಸಬಹುದು. ಗಂಡಸರಲ್ಲಿ ಬಹಳ ಮಂದಿ ನೈರೋಬಿ, ಮೊಂಬಾಸಾಗಳಲ್ಲಿ ಕೂಲಿಗಿದ್ದುದರಿಂದ ಗುಂಪುಗಳಲ್ಲಿ ಹೆಂಗಸರೇ ಹೆಚ್ಚು. ಆಮೇಲೆ ಗುಡ್ಡಗಳ ಮೇಲೆ ಬದುಗಳ ಸಾಲು ಏರತೊಡಗಿತು.

ಅವರು ಆರಿಸಿಕೊಂಡ ಬದುವಿಗೆ ಸ್ವಾಹಿಲಿಯಲ್ಲಿ ‘ಫನ್ಯಾ ಜೂ’ ಎಂದು ಹೆಸರು. ಮೇಲಕ್ಕೆ ಹಾಕು ಎಂದರ್ಥ. ಮೊದಲು ಸಮಪಾತಳಿಯ ಗೆರೆ ಗುರುತಿಸಬೇಕು. ಒಂದೇ ಎತ್ತರದ ಎರಡು ಕೋಲು, ನಡುವೆ ಬಿಗಿದ ದಾರ, ದಾರದ ಮಧ್ಯಕ್ಕೆ ತೂಗುಹಾಕಿದ ರಸಮಟ್ಟ. ಒಂದು ಕೋಲು ನೆಟ್ಟಗೆ ನಿಂತಿರಲಿ, ಇನ್ನೊಂದನ್ನು ಗುಡ್ಡದ ಮೇಲಕ್ಕೂ ಕೆಳಕ್ಕೂ ಸರಿಸುತ್ತಾ ಗುಳ್ಳೆ ನಡುವಿಗೆ ಬಂದ ಕಡೆ ಗೂಟ ಹೊಡೆಯಬೇಕು. ಗೂಟದಿಂದ ಗೂಟಕ್ಕೆ ಸುಮಾರು 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಕಾಲುವೆ. ಅಗೆದ ಮಣ್ಣನ್ನು ಮೇಲಿನ ಬದಿಗೆ ಎಸೆಯಬೇಕು. ಕಾಲುವೆಯ ಅಂಚಿಗೂ ಮಣ್ಣಿನ ರಾಶಿಗೂ ನಡುವೆ ಒಂದು ಗೇಣಿನಷ್ಟು ಜಾಗ ಬಿಡದಿದ್ದರೆ ಮೊದಲ ಮಳೆಗೇ ಮಣ್ಣು ಮತ್ತೆ ಕಾಲುವೆಗೆ ಜಾರುತ್ತದೆ. ಬದುವಿನ ಮೇಲೆ ಹುಲ್ಲು ನೆಡಬೇಕು. ಅದು ಬೇರಿನಿಂದ ಬದು ಹಿಡಿಯುತ್ತದೆ, ಮೇಲಿಂದ ದನಕ್ಕೆ ಮೇವು. ಮಳೆ ಬಂದಾಗ ಮೇಲಿನ ಹೊಲದ ಮಣ್ಣು ಹರಿದು ಬಂದು ಬದುವಿಗೆ ಆನಿಕೊಳ್ಳುತ್ತದೆ. ವರ್ಷ ವರ್ಷ ಬದು ಏರಿಸುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ಇಳಿಜಾರು ತಾನಾಗಿ ಮೆಟ್ಟಿಲಾಗುತ್ತದೆ. ಮಣ್ಣನ್ನು ಕೆಳಕ್ಕೆ ಎಸೆಯುವುದು ಸುಲಭ, ಮೇಲಕ್ಕೆ ಎಸೆಯುವುದು ಸೊಂಟ ಮುರಿಯುವ ಕೆಲಸ. ಆದರೂ ಅದನ್ನೇ ಆರಿಸಿಕೊಂಡರು, ಮೆಟ್ಟಿಲಾಗುವುದು ಅದರಿಂದಲೇ ಎಂದು.

ಇದನ್ನು ಒಂಟಿಯಾಗಿ ಯಾಕೆ ಮಾಡಬಾರದು? ಮಾಡಬಹುದು, ಕಷ್ಟಪಟ್ಟರೆ. ಆದರೆ ಗೆರೆ ತಪ್ಪಿದ ಬದುವಿನಲ್ಲಿ ನೀರೆಲ್ಲ ತಗ್ಗಿನ ಒಂದು ಬಿಂದುವಿಗೆ ಹರಿದು ಅಲ್ಲಿ ಒಡೆಯುತ್ತದೆ. ಒಡೆದ ನೀರು ಕೆಳಗಿನ ಬದುವನ್ನು ಒಡೆಯುತ್ತದೆ, ಅದು ಅದರ ಕೆಳಗಿನದನ್ನು. ಗುಡ್ಡದ ನೆತ್ತಿಯಲ್ಲಿರುವವನ ಸೋಮಾರಿತನದ ಬೆಲೆ ತೆರುವವನು ಬುಡದಲ್ಲಿರುವವನು. ಹಾಗಾಗಿ ಗುಂಪು ಮೇಲಿನ ಹೊಲದಿಂದ ಶುರುಮಾಡಿ ಕೆಳಗಿಳಿಯುವುದು ಒಳ್ಳೆಯದು. ಕೆಳಗಿನವರು ಮೇಲಿನವನ ಹೊಲದಲ್ಲಿ ಬೆವರು ಹರಿಸುವುದರಲ್ಲಿ ತ್ಯಾಗದ ಮಾತೇ ಇಲ್ಲ, ತಮ್ಮ ಹೊಲವನ್ನೇ ಕಾಯುತ್ತಿದ್ದಾರೆ.

ಇದೇ ಮ್ವೆಥ್ಯ ಗುಂಪುಗಳೇ ಮಚಾಕೋಸ್, ಕಿಟುಯಿ, ಮಕುಯೆನಿಯ ಬತ್ತುವ ಹೊಳೆಗಳಿಗೆ ಮರಳು ಕಟ್ಟೆಗಳನ್ನೂ ಕಟ್ಟಿವೆ. ಹೊಳೆಗೆ ಅಡ್ಡಲಾಗಿ ಕೆಳಬಂಡೆಗೆ ಕೂರಿಸಿದ ಗೋಡೆ. ಹಿಂದೆ ತುಂಬುವುದು ಮರಳು. ಮರಳಿನ ಸಂದುಗಳಲ್ಲಿ, ಒಟ್ಟು ಗಾತ್ರದ ಕಾಲು ಭಾಗಕ್ಕೂ ಮೇಲ್ಪಟ್ಟು, ನೀರು. ಮೇಲಿನ ಅರ್ಧ ಮೀಟರು ಒಣಗಿದ ಮೇಲೆ ಬಿಸಿಲು ಕೆಳಗಿನದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗೋಡೆ ಬಂಡೆಗೆ ಕೂರದಿದ್ದರೆ ಅಡಿಯಿಂದ ಸೋರುತ್ತದೆ, ಬದಿಯ ರೆಕ್ಕೆಗಳು ದಡದೊಳಗೆ ಸಾಕಷ್ಟು ಹೋಗದಿದ್ದರೆ ಹೊಳೆ ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ. ಒಂದೇ ಸಲ ಬಹಳ ಎತ್ತರಕ್ಕೆ ಕಟ್ಟಿದರೆ ಮರಳಿನ ಬದಲು ಹೂಳು ಕೂರುತ್ತದೆ.

ಕೂಡಿ ದುಡಿಯುವ ಪದ್ಧತಿ ಯಾರ ಕೈಯಲ್ಲಿದೆ ಎಂಬುದು ಎಷ್ಟು ಮುಖ್ಯ ಎನ್ನಲು ರುವಾಂಡಾ ಸಾಕು. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಅಲ್ಲಿ ‘ಉಮುಗಾಂಡ’: 18ರಿಂದ 65 ವರ್ಷದವರು ರಸ್ತೆ, ಚರಂಡಿ, ಶಾಲೆಯ ಕೆಲಸಕ್ಕೆ ಬರಬೇಕು, ಕಾರಣವಿಲ್ಲದೆ ತಪ್ಪಿಸಿದವರಿಗೆ ದಂಡ. ಊರು ಚೊಕ್ಕಟವಾಗಿದೆ ಎಂದು ಪ್ರವಾಸಿಗರು ಮೆಚ್ಚುತ್ತಾರೆ. 1970ರ ದಶಕದಲ್ಲೂ ಅದು ಸರಕಾರದ ಕಡ್ಡಾಯ ದುಡಿಮೆಯಾಗಿತ್ತು. 1994ರ ನರಮೇಧದಲ್ಲಿ ಕೊಲ್ಲುವುದಕ್ಕೆ ‘ಕೆಲಸ ಮಾಡುವುದು’ ಎಂಬ ಮಾತನ್ನೇ ಬಳಸಿದ್ದರು. ಮನೆಮನೆಯಿಂದ ಜನ ಕರೆಯುವ ಸರಪಳಿ ಸಿದ್ಧವಿದ್ದರೆ, ಯಾವುದಕ್ಕೆ ಕರೆಯುತ್ತಾರೆ ಎಂಬುದು ಆ ಸರಪಳಿಗೆ ಗೊತ್ತಿರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ವಿವರಿಸುವ ಶ್ರಮ ಕಡಿಮೆ, ಯಾಕೆಂದರೆ ಚೀಟಿ ಹಾಕದ ಬೀದಿ ನಮ್ಮಲ್ಲಿಲ್ಲ. ಇಥಿಯೋಪಿಯಾದಲ್ಲಿ ಅದು ‘ಎಕುಬ್’, ಯೊರುಬಾದವರಲ್ಲಿ ‘ಎಸುಸು’, ಕ್ಯಾಮರೂನಿನಲ್ಲಿ ‘ಎನ್ಜಾಂಗಿ’, ಸೊಮಾಲಿಗಳಲ್ಲಿ ‘ಹಗ್ಬದ್’, ದಕ್ಷಿಣ ಆಫ್ರಿಕಾದಲ್ಲಿ ‘ಸ್ಟಾಕ್‌ವೆಲ್’. ಅಡಿಸ್ ಅಬಾಬಾದ ಮೆರ್ಕಾಟೊ ಮಾರುಕಟ್ಟೆಯ ವ್ಯಾಪಾರಿಗಳ ಎಕುಬ್ ಹೀಗೆ ನಡೆಯುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ: 24 ಜನ, ವಾರಕ್ಕೆ ತಲಾ 500 ಬಿರ್ (ಅಲ್ಲಿನ ಹಣ), ವಾರದ ಒಟ್ಟು 12,000. ಹೆಸರು ಬರೆದ ಚೀಟಿ ಎತ್ತುತ್ತಾರೆ, ಬಂದವರಿಗೆ ಗಂಟು. ಮೊದಲ ವಾರ ಪಡೆದವನಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಯವನಿಗೆ ಬಡ್ಡಿಯಿಲ್ಲದ ಉಳಿತಾಯ. ನಮ್ಮ ಹರಾಜು ಚೀಟಿಗೂ ಇದಕ್ಕೂ ವ್ಯತ್ಯಾಸ ಇಲ್ಲಿ: ಅವಸರದವನು ಬಿಟ್ಟುಕೊಟ್ಟ ಹಣ ಕಾದವರಿಗೆ ಹಂಚಿಕೆಯಾಗುವ ಏರ್ಪಾಟು ಅದೃಷ್ಟದ ಚೀಟಿಯಲ್ಲಿಲ್ಲ.

ಮುರಿಯುವ ಜಾಗ ಎಲ್ಲರಿಗೂ ಗೊತ್ತು: ಗಂಟು ಎತ್ತಿದವನು ಮರುವಾರದಿಂದ ಕಾಣಿಸದಿರುವುದು. ಅದಕ್ಕೆ ಜಾಮೀನುದಾರನಿಲ್ಲದೆ ಗಂಟು ಕೈಗೆ ಕೊಡುವುದಿಲ್ಲ. ಆ ಜಾಮೀನುದಾರ ಇನ್ನೂ ಗಂಟು ಎತ್ತದ ಸದಸ್ಯನಾಗಿದ್ದರೆ ಗಟ್ಟಿ, ಅವನ ಬರಬೇಕಾದ ಹಣವೇ ಒತ್ತೆ ಇದ್ದಂತೆ. ಎಕುಬಿನ ಮುಖ್ಯಸ್ಥನನ್ನು ‘ದಾನ್ಯ’ ಎನ್ನುತ್ತಾರೆ, ನ್ಯಾಯಾಧೀಶ ಎಂಬ ಅರ್ಥದ ಪದ. ಕಾಣಿಸದ ಇನ್ನೊಂದು ಅಪಾಯ ಹಣದುಬ್ಬರ. 2024ರ ಜುಲೈ ಕೊನೆಯಲ್ಲಿ ಬಿರ್ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 57ರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಆಮದು ಸರಕು ಕೊಳ್ಳಲೆಂದು ಕಾಯುತ್ತಿದ್ದ ಕೊನೆಯ ಸರದಿಯವರ ಕೈಗೆ ಅದೇ ಅಂಕಿಯ ಗಂಟು ಬಂದಿರುತ್ತದೆ, ಅರ್ಧ ಸರಕಿಗೆ ಸಾಲುವಷ್ಟು. ಯಾರೂ ಮೋಸ ಮಾಡಲಿಲ್ಲ, ಆದರೂ ನಷ್ಟ ಸಮನಾಗಿ ಹಂಚಿಹೋಗಲಿಲ್ಲ.

ಲೆಕ್ಕದ ಪುಸ್ತಕವಿಲ್ಲದ ಹಂಚಿಕೆ ಹೇಗೆ ಹೊರೆಯಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕಪ್ಪುಜನರು ‘ಕಪ್ಪು ತೆರಿಗೆ’ ಎಂಬ ಕಹಿ ಹೆಸರಿಟ್ಟಿದ್ದಾರೆ. ಮನೆತನದಲ್ಲಿ ಮೊದಲು ಸಂಬಳದ ಕೆಲಸ ಹಿಡಿದವರ ಮೇಲೆ ತಮ್ಮಂದಿರ ಫೀಸು, ಅತ್ತೆಯ ಮನೆಯ ತಗಡು, ಚಿಕ್ಕಪ್ಪನ ಆಸ್ಪತ್ರೆ ಎಲ್ಲ ಬೀಳುತ್ತದೆ. ಎಷ್ಟು, ಎಲ್ಲಿಯವರೆಗೆ ಎಂಬ ಗೆರೆಯಿಲ್ಲ, ಇಲ್ಲವೆಂದರೆ ಕೆಟ್ಟವರು. ಕ್ಯಾಮರೂನಿನ ಸಾಲ ಸಹಕಾರ ಸಂಘಗಳಲ್ಲಿ ಸಂಶೋಧಕರು ವಿಚಿತ್ರವೊಂದನ್ನು ಗಮನಿಸಿದರು: ತಮ್ಮ ಖಾತೆಯಲ್ಲಿ ಸಾಕಷ್ಟು ಉಳಿತಾಯವಿದ್ದವರೇ, ಅದನ್ನು ಮುಟ್ಟದೆ, ಬಡ್ಡಿ ಕಟ್ಟಿ ಸಾಲ ತೆಗೆಯುತ್ತಿದ್ದರು. ಕೈಯೊಡ್ಡಿ ಬಂದ ನೆಂಟರಿಗೆ ‘ನಾನೇ ಸಾಲದಲ್ಲಿದ್ದೇನೆ’ ಎನ್ನಲು ಅದೊಂದು ರಸೀದಿ. ಆ ಬಡ್ಡಿ ನೆಂಟಸ್ತನ ಕೆಡಿಸದೆ ಇಲ್ಲವೆನ್ನುವುದಕ್ಕೆ ತೆತ್ತ ಬೆಲೆ.

ಲೆಕ್ಕ ಇಟ್ಟರೆ ಅಕ್ಕರೆ ಕಡಿಮೆಯಾಗುತ್ತದೆ ಎನ್ನುವವರಿಗೆ ಇಥಿಯೋಪಿಯಾದ ‘ಇದ್ದಿರ್’ ನೋಡಲು ಹೇಳಬೇಕು. ಇದು ಸಾವಿನ ಸಂಘ. ನಗರಗಳು ಬೆಳೆದು, ಹಳ್ಳಿ ಬಿಟ್ಟು ಬಂದವರು ಅಪರಿಚಿತರ ನಡುವೆ ಮನೆ ಮಾಡಿದಾಗ, ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹಬ್ಬಿಕೊಂಡದ್ದು. ಅನಾದಿಯಿಂದ ಬಂದ ಪದ್ಧತಿ ಎಂದು ಎಣಿಸುವವರು ಬಹಳ. ಆದರೆ ಊರು ಬಿಟ್ಟು ಬಂದವರು ನೆರೆಹೊರೆಯನ್ನು ಕೈಯಾರೆ ಕಟ್ಟಿಕೊಂಡ ಹೊಸ ಕಾಲದ ಉಪಾಯ ಇದು. ಈಗ ಹಳ್ಳಿಗಳಲ್ಲೂ ಇದ್ದಿರ್ ಇಲ್ಲದ ಕೇರಿ ಅಪರೂಪ.

ಸದಸ್ಯತ್ವ ಮನೆಗೊಂದು. ಸೇರುವಾಗ ಪ್ರವೇಶ ಶುಲ್ಕ, ಆಮೇಲೆ ತಿಂಗಳಿಗೊಂದು ಗೊತ್ತಾದ ದಿನ ವಂತಿಗೆ. ತಡವಾದರೆ ದಂಡ, ಕೆಲವು ತಿಂಗಳು ಸತತ ತಪ್ಪಿಸಿದರೆ ಹೆಸರಿಗೆ ಗೆರೆ. ಬರೆದಿಟ್ಟ ನಿಯಮಾವಳಿ, ದಾನ್ಯ, ಕಾರ್ಯದರ್ಶಿ, ಖಜಾಂಚಿ. ಹಾಸಿಗೆ ಹಿಡಿದವರು ಮನೆಯಲ್ಲಿದ್ದಾಗ ಓಡಿಬಂದು ಹೆಸರು ಬರೆಸುವುದನ್ನು ತಡೆಯಲು, ಹೊಸಬರಿಗೆ ಪೂರಾ ಹಕ್ಕು ಬರುವ ಮುನ್ನ ಕಾಯುವ ಅವಧಿ ಇಡುವುದುಂಟು. ಯಾರು ಸತ್ತರೆ ಎಷ್ಟು ಎಂಬ ದರಪಟ್ಟಿಯೂ ಇರುತ್ತದೆ: ಸದಸ್ಯನಿಗೆ ಅಥವಾ ಹೆಂಡತಿಗೆ ಹೆಚ್ಚು, ಮಕ್ಕಳಿಗೆ, ತಂದೆತಾಯಿಗೆ, ಅತ್ತೆಮಾವಂದಿರಿಗೆ ಇಳಿಯುತ್ತಾ ಹೋಗುತ್ತದೆ. ಇದು ಮೊದಲ ನೋಟಕ್ಕೆ ಒರಟು. ಆದರೆ ದರಪಟ್ಟಿ ಇರುವುದರಿಂದಲೇ ಸಾವಿನ ಮನೆಯವರು ಯಾರ ಮುಂದೆಯೂ ಕೈಯೊಡ್ಡಿ ನಿಲ್ಲಬೇಕಿಲ್ಲ, ಯಾರೂ ಅವರ ಬಡತನ ಅಳೆಯುವುದಿಲ್ಲ.

ಸಾವಾದ ಮುಂಜಾನೆ ತುತ್ತೂರಿಯವನು ಕೇರಿ ಸುತ್ತುತ್ತಾನೆ. ‘ತಿರುಂಬಾ’ ಊದಿ, ಯಾರ ಮನೆಯಲ್ಲಿ ಏನಾಯಿತು ಎಂದು ಕೂಗುತ್ತಾನೆ. ಆಮೇಲಿನ ಕೆಲಸ ಹೇಳಿಕೊಡಬೇಕಿಲ್ಲ. ಗಂಡಸರು ಡೇರೆ ಎತ್ತುತ್ತಾರೆ. ಇದ್ದಿರಿನ ಆಸ್ತಿಯೆಂದರೆ ಈ ‘ದಿಂಕ್ವಾನ್’ ಡೇರೆ, ಬೆಂಚುಗಳು, ಕೊಪ್ಪರಿಗೆ, ತಟ್ಟೆ ಲೋಟ. ಹೆಂಗಸರು ಇಂಜೆರಾ (ಅಲ್ಲಿನ ದೋಸೆಯಂಥ ರೊಟ್ಟಿ) ಮತ್ತು ಪಲ್ಯ ತರುತ್ತಾರೆ, ಗೋಧಿ ಕಾಳುಗಳನ್ನು ಬೇಯಿಸಿದ ‘ನಿಫ್ರೊ’ ಹಂಚುತ್ತಾರೆ. ಸಮಾಧಿಗೆ ಹೋಗುವುದು ಎಲ್ಲರಿಗೂ ಕಡ್ಡಾಯ, ಹಾಜರಿ ಕೂಗುತ್ತಾರೆ, ಬಾರದವರಿಗೆ ದಂಡ. ಸಾಮಾನ್ಯವಾಗಿ ಮೂರು ದಿನ ಸರದಿಯ ಮೇಲೆ ಡೇರೆಯಲ್ಲಿ ಕೂರುತ್ತಾರೆ, ಮಾತಾಡುತ್ತಾರೆ, ಮನೆಯವರನ್ನು ಒಂಟಿ ಬಿಡುವುದಿಲ್ಲ. ಸತ್ತವನ ಜೊತೆ ಜಗಳವಾಡಿದ್ದವನೂ ಬಂದು ಬೆಂಚಿನ ಮೇಲೆ ಕೂರಬೇಕು. ಅವನು ಬಂದದ್ದು ದಂಡಕ್ಕೆ ಹೆದರಿಯೋ, ಮನಸ್ಸು ಕರಗಿಯೋ, ಯಾರೂ ಕೇಳುವುದಿಲ್ಲ. ಬಂದು ಕೂತ ಮೇಲೆ ಎಷ್ಟೋ ಸಲ ಎರಡನೆಯದೂ ಆಗುತ್ತದೆ.

ಸಂಘಗಳು ಸೋತದ್ದೂ ಇದೆ. ಏಡ್ಸ್ ಹಬ್ಬಿದ ವರ್ಷಗಳಲ್ಲಿ ಸಾವಿನ ಲೆಕ್ಕ ವಂತಿಗೆಯ ಲೆಕ್ಕವನ್ನು ಮೀರಿತು, ಖಜಾನೆ ಬರಿದಾಯಿತು. ಆಗ ಕೆಲವು ಇದ್ದಿರ್‌ಗಳು, ಸತ್ತ ಮೇಲೆ ಕೊಡುವ ಹಣದಲ್ಲಿ ಒಂದು ಪಾಲನ್ನು ಬದುಕಿರುವ ರೋಗಿಗೂ ಅನಾಥ ಮಕ್ಕಳಿಗೂ ಕೊಡೋಣ ಎಂದು ನಿಯಮ ತಿದ್ದಿದವು. ಸಾವಿನ ಹೆಸರಿನ ಸಂಘಕ್ಕೆ ಅದು ಚಿಕ್ಕ ಹೆಜ್ಜೆಯಲ್ಲ. ಸದಸ್ಯರೆಲ್ಲ ಒಟ್ಟಿಗೆ ಮುದುಕರಾದ, ಹೊಸಬರು ಸೇರದ ಇದ್ದಿರ್ ನಿಧಾನವಾಗಿ ಮುಳುಗುತ್ತದೆ. ಇದು ಯಾವ ವಿಮಾ ಕಂಪನಿಗೂ ಗೊತ್ತಿರುವ ಗಣಿತ. ತಿಂಗಳ ವಂತಿಗೆ ಕೊಡಲಾಗದ ಕಡುಬಡವರು ಹೊರಗೇ ಉಳಿಯುತ್ತಾರೆ, ಅದನ್ನೂ ಮುಚ್ಚಿಡಬಾರದು.

ಕಳೆದ ಎರಡು ದಶಕಗಳಲ್ಲಿ ಅಡಿಸ್ ಅಬಾಬಾದ ಹಳೆಯ ಕೇರಿಗಳನ್ನು ಕೆಡವಿ, ಜನರನ್ನು ನಗರದಂಚಿನ ಅಪಾರ್ಟ್‌ಮೆಂಟ್ ಬ್ಲಾಕುಗಳಿಗೆ ಕಳಿಸಲಾಯಿತು. ಮನೆ ಲಾಟರಿಯಲ್ಲಿ ಬಂದದ್ದರಿಂದ ಮೇಲಿನವರು ಯಾರೋ, ಪಕ್ಕದವರು ಯಾರೋ. ಅನೇಕರು ಹಳೆಯ ಕೇರಿಯ ಇದ್ದಿರ್ ಬಿಡಲಿಲ್ಲ. ತಿಂಗಳಿಗೊಮ್ಮೆ ಬಸ್ಸು ಬದಲಿಸಿ ಹೋಗಿ ವಂತಿಗೆ ಕಟ್ಟಿ ಬರುತ್ತಾರೆ, ಸಾವಿಗೆ ಫೋನಿನಲ್ಲಿ ಸುದ್ದಿ ಬರುತ್ತದೆ. ಹೊಸ ಬ್ಲಾಕುಗಳಲ್ಲೂ ಇದ್ದಿರ್ ಎದ್ದಿವೆ. ಯೋಜನೆ ಮಾಡಿದವರಿಗೂ ಒಂದಷ್ಟು ತಿಳಿದಿತ್ತು: ಬ್ಲಾಕುಗಳ ಗುಂಪಿಗೆ ಒಂದರಂತೆ, ದನ ಕಡಿಯಲು, ಇಂಜೆರಾ ಸುಡಲು, ಕೊಪ್ಪರಿಗೆ ಅಡುಗೆ ಮಾಡಲು ಬೇರೆ ಕಟ್ಟಡ ಕಟ್ಟಿಸಿದ್ದರು. ಐದನೆಯ ಮಹಡಿಯ ಅಡುಗೆಮನೆಯಲ್ಲಿ ಇನ್ನೂರು ಜನಕ್ಕೆ ಬೇಯಿಸಲಾಗದು. ಡೇರೆ ಎತ್ತುವುದಕ್ಕೆ ಉಳಿದಿರುವುದು ಬ್ಲಾಕುಗಳ ನಡುವಿನ ಅಂಗಳ, ಅಲ್ಲಿ ಈಗ ಕಾರುಗಳು ನಿಲ್ಲುತ್ತವೆ. ತುತ್ತೂರಿಯ ಕೆಲಸ ಫೋನಿಗೆ ಹೋದ ಮೇಲೂ, ಮುಂಜಾನೆ ಬಾಗಿಲು ಬಾಗಿಲಿಗೆ ಹೋಗಿ ಕಾರು ತೆಗೆಯಿರಿ ಎನ್ನಲು ಒಬ್ಬರು ಬೇಕೇ ಬೇಕು.